ಮೈನಸ್ 75 ಅಂದರೆ ಎಷ್ಟು ಚಳಿ?

ಮಕ್ಕಳೇ, ಈ ವಾರ ಮೊದಲು ಕತೆ, ಆಮೇಲೆ ಪರೀಕ್ಷೆ. ಪರೀಕ್ಷೆ ಅಂದ ತಕ್ಷಣ ಪುಟ ತಿರುಗಿಸಬೇಡಿ. ಅಂಕ ಇಲ್ಲ, ರ್‍ಯಾಂಕ್ ಇಲ್ಲ, ಅಪ್ಪನ ಸಹಿ ಹಾಕಿಸಿಕೊಂಡು ಬರುವ ಕೆಲಸವೂ ಇಲ್ಲ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೂ ಒಂದು ಪ್ರಶ್ನೆ ಇಟ್ಟಿದ್ದೇನೆ, ಅದೇ ಎಲ್ಲಕ್ಕಿಂತ ಕಷ್ಟದ್ದು.

ಕತೆ ಬರೆದವನು ಅಮೆರಿಕದ ಜಾಕ್ ಲಂಡನ್. ಹೆಸರಿನಲ್ಲಿ ಲಂಡನ್ ಇದ್ದರೂ ಹುಟ್ಟಿದ್ದು 1876ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕತೆಯ ಹೆಸರು ‘ಟು ಬಿಲ್ಡ್ ಎ ಫೈರ್’. ಬೆಂಕಿ ಹೊತ್ತಿಸುವುದು ಅಂತ ಇಟ್ಟುಕೊಳ್ಳೋಣ. ನಮ್ಮ ಮನೆಗಳಲ್ಲಿ ಒಲೆ ಹೊತ್ತಿಸಿದ್ದರ ಬಗ್ಗೆ ಯಾರೂ ಕತೆ ಬರೆಯುವುದಿಲ್ಲ. ಆದರೆ ಅಲ್ಲಿ, ಆ ಚಳಿಯಲ್ಲಿ, ಅದೇ ಒಂದು ಕತೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 1896ರಲ್ಲಿ ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಸೀಮೆಯಲ್ಲಿ, ಕ್ಲಾಂಡೈಕ್ ನದಿಗೆ ಸೇರುವ ಒಂದು ತೊರೆಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಮರುವರ್ಷ ಅಮೆರಿಕದ ಬಂದರುಗಳನ್ನು ಮುಟ್ಟಿದ್ದೇ ತಡ, ಅಂಗಡಿ ಮುಚ್ಚಿ, ನೌಕರಿ ಬಿಟ್ಟು ಜನ ಹೊರಟರು. ಸುಮಾರು ಒಂದು ಲಕ್ಷ ಮಂದಿ ಹೊರಟರು ಅಂತ ಅಂದಾಜು. ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಗೆ ತಲುಪಲೇ ಇಲ್ಲ. ಕಣಿವೆಯ ದಾರಿಯಲ್ಲಿ ಕೆನಡಾದ ಪೊಲೀಸರು ನಿಂತಿರುತ್ತಿದ್ದರು. ಒಂದು ವರ್ಷಕ್ಕಾಗುವಷ್ಟು ದಿನಸಿ ತಂದಿಲ್ಲವೋ, ಒಳಗೆ ಬಿಡುತ್ತಿರಲಿಲ್ಲ. ಬಟ್ಟೆ, ಸಲಕರಣೆ ಎಲ್ಲ ಸೇರಿ ಒಬ್ಬೊಬ್ಬನ ಹೊರೆ ಹೆಚ್ಚುಕಮ್ಮಿ ಒಂದು ಟನ್. ಹಿಮದ ಏರಿನಲ್ಲಿ ಅದನ್ನು ಬೆನ್ನ ಮೇಲೆ ಹೊತ್ತು, ಹತ್ತಾರು ಸಲ ಹತ್ತಿ ಇಳಿದು ಸಾಗಿಸಬೇಕು. 1897ರಲ್ಲಿ ಹೀಗೆ ಹತ್ತಿ ಇಳಿದವರಲ್ಲಿ 21 ವರ್ಷದ ಜಾಕ್ ಲಂಡನ್ ಕೂಡ ಒಬ್ಬ. ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. ತಾಜಾ ಹಣ್ಣು ತರಕಾರಿ ಇಲ್ಲದೆ ಸ್ಕರ್ವಿ ರೋಗ ಬಂದು, 1898ರಲ್ಲಿ ಊರಿಗೆ ವಾಪಸಾದ. ಅಲ್ಲಿಂದ ಅವನು ತಂದದ್ದು ಕತೆಗಳನ್ನು.

ಈಗ ಕತೆ. ಬೆಳಗ್ಗೆ ಒಂಬತ್ತು ಗಂಟೆ. ಆಕಾಶದಲ್ಲಿ ಮೋಡ ಇಲ್ಲ, ಸೂರ್ಯನೂ ಇಲ್ಲ. ಚಳಿಗಾಲದಲ್ಲಿ ಆ ಕಡೆ ಸೂರ್ಯ ಕೆಲವು ದಿನ ಮುಖವನ್ನೇ ತೋರಿಸುವುದಿಲ್ಲ. ಒಬ್ಬ ಮನುಷ್ಯ ಯೂಕಾನ್ ನದಿಯ ಮುಖ್ಯ ದಾರಿ ಬಿಟ್ಟು ಕಾಲುದಾರಿಗೆ ತಿರುಗುತ್ತಾನೆ. ಕತೆಯುದ್ದಕ್ಕೂ ಅವನಿಗೆ ಹೆಸರಿಲ್ಲ. ಆ ಸೀಮೆಗೆ ಹೊಸಬ, ಇದು ಅವನ ಮೊದಲ ಚಳಿಗಾಲ. ಹೆಂಡರ್ಸನ್ ತೊರೆಯ ಬಳಿ ಒಂದು ಬಿಡಾರದಲ್ಲಿ ಅವನ ಜೊತೆಗಾರರು ಇದ್ದಾರೆ. ಸಂಜೆ ಆರಕ್ಕೆ ಅಲ್ಲಿಗೆ ಮುಟ್ಟಿದರೆ ಬೆಂಕಿ ಉರಿಯುತ್ತಿರುತ್ತದೆ, ಬಿಸಿ ಊಟ ಕಾದಿರುತ್ತದೆ. ಹೊರೆ ಏನೂ ಇಲ್ಲ. ಮಧ್ಯಾಹ್ನದ ಬುತ್ತಿಯನ್ನು ಕರವಸ್ತ್ರದಲ್ಲಿ ಕಟ್ಟಿ, ಗಟ್ಟಿಯಾಗದಿರಲಿ ಅಂತ ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಂಡಿದ್ದಾನೆ. ಹಿಂದೆ ಒಂದು ನಾಯಿ. ತೋಳದ ಚಹರೆಯ, ಆ ಸೀಮೆಯದೇ ನಾಯಿ. ಅದಕ್ಕೆ ಇವತ್ತು ಹೊರಡಲು ಮನಸ್ಸೇ ಇಲ್ಲ. ಬಾಲ ಇಳಿಬಿಟ್ಟುಕೊಂಡು ಬರುತ್ತಿದೆ.

ಸಲ್ಫರ್ ಕ್ರೀಕ್ ಅನ್ನುವ ಜಾಗದ ಒಬ್ಬ ಮುದುಕ ಇವನಿಗೆ ಮೊದಲೇ ಹೇಳಿದ್ದ: ಚಳಿ ಮೈನಸ್ 50 ದಾಟಿದ ಮೇಲೆ ಯಾರೂ ಒಬ್ಬೊಬ್ಬರೇ ದಾರಿ ನಡೆಯಬಾರದು. ಇವನು ಕೇಳಿಸಿಕೊಂಡು ನಕ್ಕಿದ್ದ.

ದಾರಿಯೆಲ್ಲ ಹೆಪ್ಪುಗಟ್ಟಿದ ತೊರೆಯ ಮೇಲೆ. ಆದರೆ ಬೆಟ್ಟದ ಬದಿಯಿಂದ ಜಿನುಗುವ ಒರತೆ ನೀರು ಹಿಮದ ಕೆಳಗೆ ಅಲ್ಲಲ್ಲಿ ನಿಂತಿರುತ್ತದೆ. ಮೇಲೆ ಅರ್ಧ ಅಂಗುಲದ ಮಂಜುಗಡ್ಡೆ, ಅದರ ಮೇಲೆ ಹಿಮ. ಕಾಲಿಟ್ಟರೆ ಒಳಗೆ. ಇವನಿಗೆ ಅದು ಗೊತ್ತು. ಹುಷಾರಾಗಿ ನೋಡಿಕೊಂಡೇ ನಡೆಯುತ್ತಾನೆ. ಒಂದು ಕಡೆ ಅನುಮಾನ ಬಂದು ನಾಯಿಯನ್ನು ಮುಂದೆ ನೂಕುತ್ತಾನೆ! ಅದರ ಕಾಲು ಒದ್ದೆಯಾಗುತ್ತದೆ. ನಾಯಿ ತಕ್ಷಣ ಕೂತು, ಬೆರಳ ಸಂದಿನ ಮಂಜನ್ನು ಕಚ್ಚಿ ಕಚ್ಚಿ ತೆಗೆಯುತ್ತದೆ. ಅದಕ್ಕೆ ಯಾವ ಶಾಲೆಯಲ್ಲಿ ಹೇಳಿಕೊಟ್ಟಿದ್ದರು?

ಹನ್ನೆರಡೂವರೆಗೆ ಬೆಂಕಿ ಮಾಡಿಕೊಂಡು ಬುತ್ತಿ ತಿಂದು ಮತ್ತೆ ಹೊರಟ. ಆಮೇಲೆ, ಯಾವ ಗುರುತೂ ಇಲ್ಲದ ಒಂದು ಕಡೆ, ಗಟ್ಟಿಯಾಗಿ ಕಂಡ ಹಿಮ ಕುಸಿದು ಮೊಣಕಾಲಿನ ಅರ್ಧದವರೆಗೆ ನೀರಿಗೆ ಇಳಿದುಬಿಟ್ಟ. ಒದ್ದೆ ಕಾಲಿನಲ್ಲಿ ಆ ಚಳಿಯಲ್ಲಿ ನಡೆಯುವಂತಿಲ್ಲ. ದಡ ಹತ್ತಿ, ಒಣ ಪುರಲೆ ಆರಿಸಿ, ಒಂದು ಸ್ಪ್ರೂಸ್ ಮರದ ಕೆಳಗೆ ಬಹಳ ಜೋಪಾನವಾಗಿ, ಕಡ್ಡಿಯ ಮೇಲೆ ಕಡ್ಡಿ ಇಟ್ಟು ಬೆಂಕಿ ಮಾಡಿದ. ಬೆಂಕಿ ಹತ್ತಿತು. ಮುದುಕನ ಮಾತು ನೆನಪಾಗಿ ಒಳಗೇ ನಕ್ಕ. ನೋಡು, ಒಬ್ಬನೇ ಇದ್ದೇನೆ, ಅಪಘಾತವೂ ಆಯಿತು, ಪಾರಾಗಿದ್ದೇನೆ!

ಪುರಲೆಯನ್ನು ಪೊದೆಯಿಂದ ಎಳೆದು ನೇರ ಬೆಂಕಿಗೆ ಹಾಕುವುದು ಸುಲಭ ಅಂತ ಅವನು ಮರದ ಬುಡದಲ್ಲೇ ಬೆಂಕಿ ಮಾಡಿದ್ದ. ಒಂದೊಂದು ಸಲ ಎಳೆದಾಗಲೂ ಮರ ಕಾಣದಷ್ಟು ಅಲುಗುತ್ತಿತ್ತು. ಕೊಂಬೆಗಳ ಮೇಲೆ ವಾರಗಟ್ಟಲೆ ಬಿದ್ದ ಹಿಮ. ಮೇಲಿನ ಒಂದು ಕೊಂಬೆ ತನ್ನ ಹೊರೆಯನ್ನು ಕೆಳಗಿನದರ ಮೇಲೆ ಚೆಲ್ಲಿತು, ಅದು ಅದರ ಕೆಳಗಿನದಕ್ಕೆ. ಕೊನೆಗೆ ಅಷ್ಟೂ ಹಿಮ ಬೆಂಕಿಯ ಮೇಲೆ.

ಎರಡನೆಯ ಬೆಂಕಿಯನ್ನು ಬಯಲಲ್ಲಿ ಮಾಡಲು ಹೋದ. ಅಷ್ಟರಲ್ಲಿ ಬೆರಳು ಬೆರಳಾಗಿ ಉಳಿದಿರಲಿಲ್ಲ. ಕಡ್ಡಿ ಹಿಡಿದರೆ ಹಿಡಿದದ್ದು ಗೊತ್ತಾಗುವುದಿಲ್ಲ, ಕಣ್ಣಿನಿಂದ ನೋಡಿ ತಿಳಿಯಬೇಕು. ಬೆಂಕಿಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಗೀರಿದ, ಹೊಗೆ ಮೂಗಿಗೆ ಹೋಗಿ ಕೆಮ್ಮು ಬಂದು ಬಿತ್ತು. ಕೊನೆಗೆ 70 ಕಡ್ಡಿಗಳ ಕಟ್ಟನ್ನೇ ಎರಡು ಅಂಗೈ ನಡುವೆ ಒತ್ತಿ ಹಿಡಿದು ಒಟ್ಟಿಗೆ ಹೊತ್ತಿಸಿದ. ಕೈ ಸುಡುತ್ತಿರುವುದು ಅವನಿಗೆ ವಾಸನೆಯಿಂದ ಗೊತ್ತಾಯಿತು. ತೊಗಟೆ ಹತ್ತಿಕೊಂಡಿತು. ಆದರೆ ಸಣ್ಣ ಜ್ವಾಲೆಯ ಮೇಲೆ ಹಸಿ ಪಾಚಿಯ ತುಂಡು ಬಿತ್ತು. ಅದನ್ನು ಸರಿಸಲು ಹೋದ ಮರಗಟ್ಟಿದ ಕೈ ಇದ್ದಬದ್ದ ಕಡ್ಡಿಗಳನ್ನೆಲ್ಲ ಚೆದುರಿಸಿತು. ಬೆಂಕಿ ಆರಿತು.

ಮುಂದಿನದನ್ನು ಚಿಕ್ಕವರಿಗಾಗಿ ಎರಡೇ ಮಾತಿನಲ್ಲಿ ಹೇಳುತ್ತೇನೆ. ಓಡಿ ನೋಡಿದ, ಆಗಲಿಲ್ಲ. ಮುದುಕ ಹೇಳಿದ್ದು ಸರಿ ಅಂತ ಕೊನೆಗೆ ಒಪ್ಪಿಕೊಂಡು, ಹಿಮದ ಮೇಲೆ ಕೂತು ನಿದ್ದೆ ಹೋದ. ಎದ್ದೇಳಲಿಲ್ಲ. ನಾಯಿ ಕಾದು ನೋಡಿ, ಬಿಡಾರದ ಕಡೆ ಹೆಜ್ಜೆ ಹಾಕಿತು.

ಅಮೆರಿಕದ ಶಾಲೆಗಳಲ್ಲಿ ಈ ಕತೆ ಪಾಠವಾಗಿ ಬಹಳ ಕಡೆ ಇದೆ. ನನ್ನ ಮೊಮ್ಮಗಳು ಮಿನ್ನೆಸೋಟಾ ರಾಜ್ಯದಲ್ಲಿ ಎಂಟನೇ ತರಗತಿ ಓದುತ್ತಾಳೆ. ಅಲ್ಲಿಯ ಚಳಿ ನಮ್ಮ ಊಹೆಗೆ ಮೀರಿದ್ದು. ಜನವರಿಯಲ್ಲಿ ಮೈನಸ್ 20 ಫ್ಯಾರನ್‌ಹೀಟ್ ಅನ್ನುವುದು ಅವರಿಗೆ ಹೊಸದಲ್ಲ. ಅವಳ ಶಾಲೆಯಲ್ಲಿ ಈ ಪಾಠದ ಮೇಲೆ 20 ಪ್ರಶ್ನೆಗಳ ಪರೀಕ್ಷೆ ಇಟ್ಟಿದ್ದರು, ಪ್ರತಿಯೊಂದಕ್ಕೂ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕುವಂಥದ್ದು. 18 ಸರಿ, 2 ತಪ್ಪು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಒಂದು ತಪ್ಪನ್ನು ಒಪ್ಪಿಕೊಂಡಿದ್ದಾಳೆ, ಇನ್ನೊಂದನ್ನು ಒಪ್ಪುವುದಿಲ್ಲ.

“ತಾತ, ನೀವೇ ಹೇಳಿ. ಅವನ ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಅಂತ ಕೇಳಿದ್ರು. ಮರದ ಕೆಳಗೆ ಬೆಂಕಿ ಮಾಡಿದ್ದು ಅಂತ ಒಂದು, ಒಬ್ಬನೇ ಹೊರಟಿದ್ದು ಅಂತ ಒಂದು. ನಾನು ಒಬ್ಬನೇ ಹೊರಟಿದ್ದು ಅಂತ ಹಾಕಿದೆ. ರಾಂಗ್ ಅಂತೆ!”

“ಯಾಕೆ ಹಾಗೆ ಹಾಕಿದೆ?” ಅಂದೆ.

“ಜೊತೆಗೆ ಇನ್ನೊಬ್ರು ಇದ್ದಿದ್ರೆ, ಮರದ ಕೆಳಗೆ ಬೆಂಕಿ ಮಾಡಿದ್ರೂ ಬದುಕ್ತಿದ್ದ. ಅವರ ಕೈ ಒಣಗಿರ್ತಿತ್ತಲ್ಲ, ಅವರು ಮಾಡ್ತಿದ್ರು. ಒಬ್ಬನೇ ಇದ್ರೆ ಯಾವ ಚಿಕ್ಕ ತಪ್ಪಾದ್ರೂ ದೊಡ್ಡದಾಗುತ್ತೆ.”

ನನಗೆ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕು ಅನ್ನಿಸಿತು. ಪಾಠ ಓದಿದ್ದಾಳೋ ಇಲ್ಲವೋ ಅನ್ನುವುದಕ್ಕೆ ಹಾಕಿದ ಗುರುತು ಸಾಕ್ಷಿಯಲ್ಲ, ಅವಳು ಕೊಟ್ಟ ‘ಯಾಕೆ’ ಸಾಕ್ಷಿ. ಆ ‘ಯಾಕೆ’ ಬರೆಯಲು ಕಾಗದದಲ್ಲಿ ಜಾಗವೇ ಇರಲಿಲ್ಲ.

ಈ ವಿಷಯ ನಮ್ಮ ಬೆಳಗಿನ ವಾಕಿಂಗ್ ಗೆಳೆಯರಾದ ನಿವೃತ್ತ ಹೈಸ್ಕೂಲ್ ಮೇಷ್ಟ್ರ ಹತ್ತಿರ ಹೇಳಿದರೆ ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಬ್ಯಾಂಕಿನವರೇ, ನಿಮಗೇನು ಹೇಳೋಕೆ. ಒಂದು ತರಗತಿಗೆ 60 ಮಕ್ಕಳು, ಹಂಗೆ ಮೂರು ತರಗತಿ. ಎಲ್ಲರ ‘ಯಾಕೆ’ ಓದ್ತಾ ಕೂತರೆ ಮುಂದಿನ ಪಾಠ ಮಾಡೋರು ಯಾರು?” ಅಂದರು. ಅದೂ ನಿಜವೇ. ಅವರು ಇನ್ನೊಂದು ಮಾತೂ ಹೇಳಿದರು: ನಾಯಿ ಎಲ್ಲಿ ಒದ್ದೆಯಾಯಿತು, ಬುತ್ತಿ ಎಲ್ಲಿತ್ತು ಅನ್ನುವ ಚಿಕ್ಕ ಪ್ರಶ್ನೆಗಳನ್ನು ಹಗುರ ಮಾಡಬೇಡಿ, ಅದು ಗೊತ್ತಿಲ್ಲದವನು ದೊಡ್ಡದನ್ನು ಮಾತಾಡಿದರೆ ಬರೀ ಗಾಳಿ. ನಾನು ಸುಮ್ಮನೆ ಕೇಳಿಸಿಕೊಂಡೆ. 60 ಮಕ್ಕಳ ನಡುವೆ ನಿಂತವರ ಮಾತಿಗೆ ತೂಕ ಜಾಸ್ತಿ.

ಆದರೂ ನನ್ನದೊಂದು ಅನುಭವ ಇದೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ಚಿಲ್ಲರೆ ವರ್ಷ ಕಳೆದವನು. ಮೊದಮೊದಲು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆಯಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದೆ. ಸಾಲದ ಮೇಜು ಬೇರೆಯವರದ್ದು. ಸಾಲಕ್ಕೆ ಜಾಮೀನು ಹಾಕಲು ಬಂದವರಿಗೆ ಕಾಗದ ಓದಿ ಹೇಳಿ “ಅರ್ಥ ಆಯ್ತಾ?” ಅಂತ ಕೇಳುವುದು ಪದ್ಧತಿ. ಎಲ್ಲರೂ “ಆಯ್ತು ಸ್ವಾಮಿ” ಅನ್ನುತ್ತಿದ್ದರು. ಇಲ್ಲ ಅಂದವರನ್ನು ನಾನು ಕಾಣಲಿಲ್ಲ. ಅರ್ಥ ಆಗಲಿಲ್ಲ ಅನ್ನುವುದಕ್ಕೆ ನಾಚಿಕೆ, ಹಿಂದೆ ಸಾಲು ಬೇರೆ.

ತೆಂಗಿನ ತೋಟದ ಯಜಮಾನರೊಬ್ಬರು ಭಾವಮೈದನ ಪಂಪ್‌ಸೆಟ್ ಸಾಲಕ್ಕೆ ಹಾಗೆ ಜಾಮೀನು ಹಾಕಿದ್ದರು. 8,000 ರೂಪಾಯಿ. ಭಾವಮೈದ ಕಟ್ಟಲಿಲ್ಲ. ನೋಟಿಸು ಇವರ ಮನೆಗೆ ಹೋಯಿತು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಕೌಂಟರಿನ ಮುಂದೆ ನಿಂತರು. “ನಾನೆಲ್ಲಿ ಸಾಲ ತಗೊಂಡೆ ಸ್ವಾಮಿ? ಸಹಿ ತಾನೇ ಹಾಕಿದ್ದು?” 8,000 ಅನ್ನುವ ಅಂಕಿ ಅವರಿಗೆ ಬಾಯಿಪಾಠ ಇತ್ತು, ಸಹಿ ಮಾಡಿದ ತಾರೀಖು ಕೂಡ. ನಾಲ್ಕು ಉತ್ತರದ ಪರೀಕ್ಷೆ ಇಟ್ಟಿದ್ದರೆ ನೂರಕ್ಕೆ ನೂರು ತೆಗೆಯುತ್ತಿದ್ದರು. ಆ ಅಂಕಿ ತಮ್ಮ ಕೊಟ್ಟಿಗೆಗೆ ಬಂದು ಎತ್ತಿನ ಹಗ್ಗ ಬಿಚ್ಚುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಜೋಡಿ ಎತ್ತು ಮಾರಿದರು.

ಆಮೇಲೆ ಆ ಮೇಜಿಗೆ ಒಬ್ಬ ಹೊಸ ಅಧಿಕಾರಿ ಬಂದರು. ಅವರು ಕಾಗದ ಓದಿದ ಮೇಲೆ “ಅರ್ಥ ಆಯ್ತಾ” ಅಂತ ಕೇಳುತ್ತಿರಲಿಲ್ಲ. ಪೆನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, “ಯಜಮಾನರೇ, ನಿಮ್ಮ ಭಾವಮೈದ ಕಟ್ಟಲಿಲ್ಲ ಅಂತ ಇಟ್ಕೊಳ್ಳಿ. ಆಗ ಏನಾಗುತ್ತೆ? ನೀವು ನನಗೆ ಹೇಳಿ” ಅನ್ನುತ್ತಿದ್ದರು. ಅಷ್ಟೇ. ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಕೆಲವರು ಸರಿಯಾಗಿ ಹೇಳಿ ಸಹಿ ಹಾಕುತ್ತಿದ್ದರು. ಕೆಲವರು “ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ” ಅಂತ ಎದ್ದು ಹೋಗುತ್ತಿದ್ದರು. ಆ ಶಾಖೆಯಲ್ಲಿ ಸಾಲ ಸ್ವಲ್ಪ ಕಡಿಮೆ ಆಯಿತು, ಮೇಲಿನವರು ಕಾರಣ ಕೇಳಿ ಪತ್ರ ಬರೆದರು, ಅದು ಬೇರೆ ಕತೆ. ಪರೀಕ್ಷೆ ಹೇಗೆ ಮಾಡಬೇಕು ಅನ್ನುವುದನ್ನು ನಾನು ಕಲಿತದ್ದು ಅವರಿಂದ.

ಜಾಕ್ ಲಂಡನ್‌ನ ಆ ಮನುಷ್ಯನೂ ಅಂಕಿ ಬಲ್ಲವನೇ. ಗಂಟೆಗೆ ನಾಲ್ಕು ಮೈಲಿ, ಹನ್ನೆರಡೂವರೆಗೆ ಕವಲು, ಆರಕ್ಕೆ ಬಿಡಾರ ಅಂತ ಲೆಕ್ಕ ಹಾಕಿಕೊಂಡೇ ನಡೆಯುತ್ತಾನೆ. ಲೆಕ್ಕ ಎಲ್ಲೂ ತಪ್ಪಿಲ್ಲ. ಚಳಿ ಮೈನಸ್ 50 ಅಂತ ಅವನಿಗೆ ಗೊತ್ತು. ನಿಜವಾಗಿ ಅವತ್ತು ಮೈನಸ್ 75. ಮೈನಸ್ 50 ಅಂದರೆ ಅವನ ಮಟ್ಟಿಗೆ ಕೈಗವಸು ಬೇಕು, ಕಿವಿ ಮುಚ್ಚಬೇಕು, ದಪ್ಪ ಕಾಲುಚೀಲ ಬೇಕು, ಅಷ್ಟೇ. ಮನುಷ್ಯನ ಮೈ ಎಷ್ಟು ಚಳಿ ತಡೆಯಬಲ್ಲದು ಅನ್ನುವ ಕಡೆ ಯೋಚನೆ ಹೋಗಲೇ ಇಲ್ಲ.

ನೀವು ಅಲ್ಲಿಗೆ ಹೋಗಿ ನೋಡಿ. ಅದು ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಸೆಲ್ಸಿಯಸ್‌ಗೆ ತರಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಬೇಕು. ಮೈನಸ್ 75ರಿಂದ 32 ಕಳೆದರೆ ಮೈನಸ್ 107. ಗುಣಿಸಿದರೆ ಮೈನಸ್ 535. ಭಾಗಿಸಿದರೆ ಮೈನಸ್ 59.4. (ಇದೇ ಲೆಕ್ಕದಲ್ಲಿ ಮೈನಸ್ 40 ಹಾಕಿ ನೋಡಿ, ಒಂದು ತಮಾಷೆ ಕಾಣುತ್ತದೆ.) ಉತ್ಪ್ರೇಕ್ಷೆ ಅನ್ನಬೇಡಿ, ಯೂಕಾನ್‌ನ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63 ಸೆಲ್ಸಿಯಸ್ ದಾಖಲಾಗಿದೆ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇಡುವ ಭಾಗ ಸಾಮಾನ್ಯವಾಗಿ ಮೈನಸ್ 18. ನಮ್ಮ ಮೈ 37. ಆ ಮನುಷ್ಯನ ಮೈಗೂ ಅವನ ಸುತ್ತಲಿನ ಗಾಳಿಗೂ ಇದ್ದ ಅಂತರ 96 ಡಿಗ್ರಿ. ಕುದಿಯುವ ನೀರಿಗೂ ಕರಗುವ ಮಂಜುಗಡ್ಡೆಗೂ ಇರುವ ಅಂತರ 100. ಅಂಥ ಗಾಳಿಯಲ್ಲಿ ಕಾಲು ಒದ್ದೆ! ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಜೋರಾಗಿ ಶಾಖವನ್ನು ಹೊರಗೆ ಸಾಗಿಸುತ್ತದೆ. ಮೈ ಆಗ ಏನು ಮಾಡುತ್ತದೆ ಗೊತ್ತೇ? ಹೃದಯ, ಮಿದುಳು ಉಳಿಸಿಕೊಳ್ಳಲು ಕೈಬೆರಳು ಕಾಲ್ಬೆರಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆಂಕಿ ಹೊತ್ತಿಸಲು ಬೇಕಾದ ಬೆರಳುಗಳನ್ನೇ ಮೊದಲು ಬಿಟ್ಟುಕೊಡುತ್ತದೆ.

ಹೋದ ಭಾನುವಾರ ನಮ್ಮ ಬಡಾವಣೆಯ ಪಾರ್ಕಿನ ಕಟ್ಟೆಯಲ್ಲಿ ಆರು ಮಕ್ಕಳಿಗೆ ಈ ಕತೆ ಹೇಳಿದೆ. ಚಿಕ್ಕವನಿಗೆ ಆರು ವರ್ಷ, ದೊಡ್ಡವಳಿಗೆ ಹದಿಮೂರು. ಆಮೇಲೆ ಆ ಅಧಿಕಾರಿಯ ರೀತಿಯಲ್ಲಿ ಪ್ರಶ್ನೆ ಕೇಳಿದೆ. ಅಷ್ಟು ಚಳಿಯಲ್ಲೂ ಹಿಮದ ಕೆಳಗೆ ನೀರು ನೀರಾಗಿಯೇ ಹೇಗೆ ಉಳಿಯಿತು? ಒಬ್ಬ ಹುಡುಗ “ಓಡೋ ನೀರು ತಾತ” ಅಂದ. ದೊಡ್ಡವಳು ಯೋಚಿಸಿ, “ನೆಲದ ಒಳಗಿಂದ ಬರ್ತಾ ಇದೆ, ಅಲ್ಲಿ ಅಷ್ಟು ಚಳಿ ಇಲ್ಲ. ಮೇಲೆ ಹಿಮ ರಗ್ಗಿನ ಥರ ಮುಚ್ಚಿದೆ” ಅಂದಳು. ಎರಡೂ ಸೇರಿದರೆ ಉತ್ತರ ಸರಿ. ಮಧ್ಯಾಹ್ನ ಬೆಂಕಿ ಮಾಡಿದಾಗ ಏನೂ ಆಗಲಿಲ್ಲ, ಸಂಜೆಗೆ ಅದೇ ಮನುಷ್ಯ, ಅದೇ ಬೆಂಕಿಕಡ್ಡಿ, ಯಾಕೆ ಆಗಲಿಲ್ಲ ಅಂದೆ. ಇದಕ್ಕೆ ನಾಲ್ಕು ಜನ ಒಟ್ಟಿಗೆ ಕಿರುಚಿದರು, ಯಾರು ಏನಂದರು ಗೊತ್ತಾಗಲಿಲ್ಲ.

ಆಮೇಲೆ, ಕತೆಯಲ್ಲಿ ಒಂದೇ ಒಂದು ಸಂಗತಿ ಬದಲಿಸಿ ಅವನನ್ನು ಬದುಕಿಸಿ ಅಂದೆ. ಮರದಿಂದ ದೂರ ಬೆಂಕಿ ಮಾಡಬೇಕಿತ್ತು ಅಂದರು. ಕಾಲುಚೀಲ ಇನ್ನೊಂದು ಜೊತೆ ತರಬೇಕಿತ್ತು ಅಂದಳು ಒಬ್ಬಳು, ಗೃಹಿಣಿಯಾಗುವ ಮೊದಲೇ ಗೃಹಿಣಿಯ ಬುದ್ಧಿ. ನಾಯಿ ಬೇಡ ಅಂದಾಗಲೇ ವಾಪಸು ಹೋಗಬೇಕಿತ್ತು ಅಂತ ಇನ್ನೊಬ್ಬ. ಆರನೇ ತರಗತಿಯ ಒಬ್ಬ ಹುಡುಗ ಇದ್ದಾನೆ, ಕಟ್ಟೆಗೆ ಬರುತ್ತಾನೆ, ಮಾತಾಡುವುದಿಲ್ಲ. ಅವನು ಚಪ್ಪಲಿ ನೋಡಿಕೊಂಡು ಹೇಳಿದ: “ಮೊದಲೇ ಹೆದರಬೇಕಿತ್ತು. ಅವನು ಕೊನೇಲಿ ಹೆದರಿದ.”

ಮೇಷ್ಟ್ರೂ ಅವತ್ತು ಬಂದು ಕೂತಿದ್ದರು. ನನ್ನ ಕಡೆ ತಿರುಗಿ ಸುಮ್ಮನೆ ತಲೆಯಾಡಿಸಿದರು. ನಾಲ್ಕು ಉತ್ತರ ಅಚ್ಚು ಮಾಡಿ ಕೊಟ್ಟಿದ್ದರೆ ಅದರಲ್ಲಿ ಇದು ಇರುತ್ತಿರಲಿಲ್ಲ.

ಈ ಕತೆಗೆ ಇನ್ನೊಂದು ರೂಪ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಜಾಕ್ ಲಂಡನ್ ಇದನ್ನು ಎರಡು ಸಲ ಬರೆದ, ಒಂದೇ ಹೆಸರಿನಲ್ಲಿ. ಮೊದಲನೆಯದು 1902ರಲ್ಲಿ ‘ದಿ ಯೂತ್ಸ್ ಕಂಪ್ಯಾನಿಯನ್’ ಅನ್ನುವ ಪತ್ರಿಕೆಯಲ್ಲಿ ಬಂತು. ಬೋಸ್ಟನ್ನಿನಲ್ಲಿ 1827ರಲ್ಲಿ ಶುರುವಾದ, ಮಕ್ಕಳೂ ಮನೆಮಂದಿಯೂ ಓದುವ ವಾರಪತ್ರಿಕೆ, ನಿಮ್ಮ ಕೈಯಲ್ಲಿರುವುದರ ಹಾಗೆ. ಆ ಕತೆಯಲ್ಲಿ ಮನುಷ್ಯನಿಗೆ ಟಾಮ್ ವಿನ್ಸೆಂಟ್ ಅಂತ ಹೆಸರಿದೆ. ನಾಯಿ ಇಲ್ಲ. ಅಲ್ಲೂ ಮರದ ಹಿಮ ಬಿದ್ದು ಬೆಂಕಿ ಆರುತ್ತದೆ, ಆದರೆ ಅವನು ಮತ್ತೆ ಹೊತ್ತಿಸುತ್ತಾನೆ, ಬದುಕುತ್ತಾನೆ, ಇನ್ನು ಒಂಟಿಯಾಗಿ ಹೋಗಬಾರದು ಅಂತ ಬುದ್ಧಿ ಕಲಿಯುತ್ತಾನೆ. ಆರು ವರ್ಷ ಬಿಟ್ಟು 1908ರಲ್ಲಿ ‘ದಿ ಸೆಂಚುರಿ’ ಅನ್ನುವ ದೊಡ್ಡವರ ಪತ್ರಿಕೆಗೆ ಮತ್ತೆ ಬರೆದಾಗ ಹೆಸರು ಕಿತ್ತುಹಾಕಿದ, ನಾಯಿಯನ್ನು ತಂದ, ಮನುಷ್ಯನನ್ನು ಉಳಿಸಲಿಲ್ಲ. ಶಾಲೆಗಳಲ್ಲಿ ಓದಿಸುವುದು ಹೆಚ್ಚಾಗಿ ಇದನ್ನೇ.

ಯಾವುದು ಒಳ್ಳೆಯದು? ನನ್ನ ಮತ ಎರಡನೆಯದಕ್ಕೆ. ಮೊದಲನೆಯದರಲ್ಲಿ ಪಾಠವನ್ನು ಕತೆಯೇ ಬಾಯಿಬಿಟ್ಟು ಹೇಳಿಬಿಡುತ್ತದೆ, ಓದುವವನಿಗೆ ಕೆಲಸ ಉಳಿಯುವುದಿಲ್ಲ. ಎರಡನೆಯದರಲ್ಲಿ ನಾಯಿ ಇದೆ. ಥರ್ಮಾಮೀಟರ್ ಇಲ್ಲದ, ಅಂಕಿ ಗೊತ್ತಿಲ್ಲದ ಆ ಪ್ರಾಣಿಗೆ ಇವತ್ತು ಹೊರಡುವ ದಿನವಲ್ಲ ಅಂತ ಗೊತ್ತಿತ್ತು. ಆದರೆ ನನ್ನ ಮನೆಯವರು ಇದನ್ನು ಒಪ್ಪುವುದಿಲ್ಲ. “ಮಲಗೋ ಹೊತ್ತಲ್ಲಿ ಮಕ್ಕಳಿಗೆ ಸತ್ತುಹೋಗೋ ಕತೆ ಯಾರಾದರೂ ಹೇಳ್ತಾರಾ, ಬದುಕಿದ್ದನ್ನೇ ಹೇಳಿ” ಅನ್ನುತ್ತಾರೆ. ಐದಾರು ವರ್ಷದ ಮಕ್ಕಳಿಗೆ ಟಾಮ್ ವಿನ್ಸೆಂಟನೇ ಸಾಕು, ಅದನ್ನು ನಾನೂ ಒಪ್ಪುತ್ತೇನೆ.

ಈಗ ಅಜ್ಜಿ ತಾತಂದಿರಿಗೆ ಇಟ್ಟಿದ್ದ ಪ್ರಶ್ನೆ. ಈ ಕತೆ ಓದಿ ‘ನೋಡಿದ್ಯಾ, ದೊಡ್ಡವರ ಮಾತು ಕೇಳಲಿಲ್ಲ’ ಅಂತ ಮೊಮ್ಮಕ್ಕಳ ಕಡೆ ನೋಡಲು ನಮಗೆಲ್ಲ ಆಸೆ. ಸ್ವಲ್ಪ ತಡೆಯಿರಿ. ಸಲ್ಫರ್ ಕ್ರೀಕಿನ ಮುದುಕ ಹೇಳಿದ್ದು ಒಂದು ನಿಯಮ, ಒಂದು ಅಂಕಿ. ಬೆರಳು ಮರಗಟ್ಟಿದಾಗ ಬೆಂಕಿಕಡ್ಡಿ ಹೇಗೆ ಜಾರುತ್ತದೆ, ಆ ಹೊತ್ತಿಗೆ ಜೊತೆಯವನ ಕೈ ಹೇಗೆ ಬೇಕಾಗುತ್ತದೆ ಅನ್ನುವುದನ್ನು ಅವನು ಹೇಳಿದ್ದನೆಂದು ಕತೆಯಲ್ಲಿ ಕಾಣುವುದಿಲ್ಲ. ಅವನ ಜಾಗದಲ್ಲಿ ನೀವಿದ್ದರೆ, ಆ ಹುರುಪಿನ ಹುಡುಗ ನಗದೆ ಕೇಳುವ ಹಾಗೆ ಹೇಗೆ ಹೇಳುತ್ತಿದ್ದಿರಿ? ನಾಲ್ಕೈದು ಸಾಲಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮೊಮ್ಮಕ್ಕಳು ಓದಿ ‘ಇದನ್ನ ನಾನು ಕೇಳ್ತಿದ್ದೆ’ ಅಂತ ಕೆಳಗೆ ಸಹಿ ಹಾಕಿದ್ದರೆ ಮಾತ್ರ. ನನ್ನ ಮೊಮ್ಮಗಳು ನನ್ನದನ್ನು ಎರಡು ಸಲ ವಾಪಸು ಕಳಿಸಿದ್ದಾಳೆ, ಉದ್ದ ಆಯಿತಂತೆ.

ಮಕ್ಕಳಿಗೆ ಮನೆಕೆಲಸ: ಈ ಕತೆಗೆ ನೀವೇ ಒಂದು ಪ್ರಶ್ನೆ ಮಾಡಿ. ಪುಸ್ತಕ ತೆರೆದಿಟ್ಟರೂ ಉತ್ತರ ಯಾವ ಸಾಲಿನಲ್ಲೂ ಸಿಗಬಾರದು, ಯೋಚಿಸಿದರೆ ಮಾತ್ರ ಸಿಗಬೇಕು. ಕಟ್ಟೆಯಲ್ಲಿ ಎಲ್ಲರೂ ಎದ್ದು ಹೊರಟ ಮೇಲೆ ಆರು ವರ್ಷದವನು ನನ್ನ ಜುಬ್ಬಾ ಹಿಡಿದು ಅಂಥದ್ದೊಂದು ಕೇಳಿದ: “ತಾತ, ನಾಯಿ ಒಂದೇ ಬಿಡಾರಕ್ಕೆ ಹೋಯ್ತಲ್ಲ, ಅದನ್ನ ನೋಡಿ ಅವನ ಫ್ರೆಂಡ್ಸ್ ಏನು ಅಂದ್ಕೊಂಡ್ರು?”